ನಲವತ್ತೇಳು ದಾಟಿದ ಮೇಷ್ಟ್ರು

ಅವರು ನಲವತ್ತೇಳು ತುಂಬುವುದರೊಳಗೆ ಸಾಯುವವರಿದ್ದರು. ಈ ವಿಷಯವನ್ನು ಅವರು ನನಗೆ ಹೇಳಿದ್ದು ಮಧುಗಿರಿಯ ಪ್ರೈಮರಿ ಶಾಲೆಯಲ್ಲಿ ನಾನು ಕೆಲಸಕ್ಕೆ ಸೇರಿದ ಮೂರನೆಯ ದಿನ, ಮಧ್ಯಾಹ್ನದ ಬಿಡುವಿನಲ್ಲಿ, ಹುರಿದ ಕಡಲೆಕಾಯಿ ಬಿಡಿಸುತ್ತಾ.

"ಲೆಕ್ಕದ ಪಾಠ ಹೆಂಗ್ ಮಾಡೋದು ಅಂತ ನಿಂಗೆ ಬೇಗ ತೋರ್ಸ್ಕೊಟ್ಟು ಬುಡ್ತೀನಿ ಕಣಮ್ಮ. ನಾನು ಹೆಚ್ಚು ಅಂದ್ರೆ ಇನ್ನೆರಡು ವರ್ಷ ಇರೋನು."

ವರ್ಗವಾಗಲಿದೆಯೆಂದುಕೊಂಡು ನಾನು, "ಯಾವೂರಿಗೆ ಮೇಷ್ಟ್ರೇ?" ಎಂದು ಕೇಳಿದೆ. ಅವರು ಅಂಗೈಯಲ್ಲಿದ್ದ ಸಿಪ್ಪೆಯನ್ನು ಉಫ್ ಎಂದು ಊದಿ, ತೋರುಬೆರಳೆತ್ತಿ ಹೆಂಚಿನ ಕಡೆ ತೋರಿಸಿದರು. ನನಗೆ ಅರ್ಥವಾಗಲಿಲ್ಲ. ಹೆಡ್‌ಮಾಸ್ಟರು ರಿಜಿಸ್ಟರಿನಿಂದ ತಲೆಯೆತ್ತದೆಯೇ, "ಅವರ ಮನೆತನದಲ್ಲಿ ಗಂಡಸರು ನಲವತ್ತೇಳು ದಾಟಲ್ಲವಂತಮ್ಮ. ನಾವೆಲ್ಲ ಕೇಳಿ ಕೇಳಿ ಸಾಕಾಗಿದೆ, ಈಗ ನಿಮ್ಮ ಸರದಿ" ಎಂದರು.

ಐವತ್ತರ ದಶಕದ ನಡುವಿನ ಮಾತು ಇದು. ನನಗೆ ಇಪ್ಪತ್ತು, ಅವರಿಗೆ ನಲವತ್ತೈದು. ಆಗಿನ ಕಾಲಕ್ಕೆ ನಲವತ್ತೈದು ಸಣ್ಣ ವಯಸ್ಸೇನಲ್ಲ. ಐವತ್ತಾಯಿತೆಂದರೆ ಮುಪ್ಪು. ಅರವತ್ತು ಕಂಡವರು ಬೀದಿಗೊಬ್ಬರಿದ್ದರೆ ಹೆಚ್ಚು. ಮದುವೆಮನೆಯಲ್ಲಿ ಅವರನ್ನು ಹುಡುಕಿ ತಂದು ಮುಂದೆ ಕೂರಿಸಿ ವಧೂವರರಿಂದ ಕಾಲು ಮುಟ್ಟಿಸುತ್ತಿದ್ದರು. ನನ್ನ ತಂದೆ ಐವತ್ತು ತುಂಬಿದ ವರ್ಷವೇ ಕೋಲು ಹಿಡಿದಿದ್ದರು. ಕಾಲಿಗೇನೂ ಆಗಿರಲಿಲ್ಲ, ವಯಸ್ಸಿಗೆ ಮರ್ಯಾದೆ ಇರಲೆಂದು. ಹೀಗಿರುವಾಗ ಒಬ್ಬ ಮನುಷ್ಯ ತಾನು ನಲವತ್ತೇಳಕ್ಕೆ ಹೋಗುತ್ತೇನೆಂದರೆ ಜನ ಅಯ್ಯೋ ಎನ್ನುತ್ತಿದ್ದರು, ಸುಳ್ಳು ಎನ್ನುತ್ತಿರಲಿಲ್ಲ.

ಕುಳ್ಳನೆಯ ಆಳು. ಕ್ಲೋಸ್ ಕಾಲರ್ ಕೋಟು, ಕಪ್ಪು ಟೋಪಿ, ಮೊಣಕಾಲಿನಿಂದ ಸ್ವಲ್ಪವೇ ಕೆಳಗಿಳಿಯುವ ಪಂಚೆ. ಹುಡುಗರು ಮಗ್ಗಿ ಒಪ್ಪಿಸುವಾಗ ಅವರು ಎಡಗೈ ಮಣಿಕಟ್ಟಿನ ಮೇಲೆ ಬಲಗೈಯ ಎರಡು ಬೆರಳಿಟ್ಟು ನಾಡಿ ನೋಡಿಕೊಳ್ಳುತ್ತಾ ನಿಲ್ಲುತ್ತಿದ್ದರು. ಮಗ್ಗಿ ತಪ್ಪಿದರೂ ಗೊತ್ತಾಗುತ್ತಿತ್ತು, ನಾಡಿ ತಪ್ಪಿದರೂ ಗೊತ್ತಾಗುತ್ತಿತ್ತೇನೋ. ಅವರಷ್ಟು ಚೆನ್ನಾಗಿ ಲೆಕ್ಕ ಹೇಳಿಕೊಡುವವರನ್ನು ನಾನು ಆಮೇಲೆ ಎಲ್ಲಿಯೂ ಕಾಣಲಿಲ್ಲ. ಭಾಗಾಕಾರ ಶುರು ಮಾಡಿದರೆಂದರೆ ಅದು ಕೊನೆಯ ಬೆಂಚಿನ ಕೊನೆಯ ಹುಡುಗಿಯ ತಲೆಗೂ ಇಳಿಯುವ ತನಕ ಗಂಟೆ ಹೊಡೆದರೂ ಬಿಡುತ್ತಿರಲಿಲ್ಲ. ಅರ್ಧ ಮಾಡಿದ ಪಾಠವೆಂಬುದು ಅವರ ಹತ್ತಿರ ಇರಲೇ ಇಲ್ಲ. "ನಾಳೆ ಮಾಡೋಣ ಬಿಡಿ ಮೇಷ್ಟ್ರೇ" ಎಂದರೆ, "ನಾಳೆ ಕೆಲ್ಸಾನ ನಾಳೆ ಇದ್ದೋರು ಮಾಡ್ತಾರೆ" ಎನ್ನುತ್ತಿದ್ದರು.

ಮದುವೆಯಾಗಿರಲಿಲ್ಲ. ಬೆಟ್ಟದ ಬುಡದಲ್ಲಿ ಒಂದು ಕೋಣೆ. ಬೇಸಿಗೆಯಲ್ಲಿ ಆ ಬೆಟ್ಟದ ಬಂಡೆ ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆಯೆಲ್ಲ ಬಿಡುತ್ತದೆ. ಮಧುಗಿರಿಯವರಿಗೆಲ್ಲ ಆ ಕಾವು ಗೊತ್ತು. ವರ್ಗವಾಗಿ ಹೋದವರ ಮನೆಗಳು ಖಾಲಿಯಾದಾಗ, "ಸ್ವಲ್ಪ ತಂಪಿರೋ ಮನೆ ನೋಡಿ ಮೇಷ್ಟ್ರೇ" ಎಂದು ಎಲ್ಲರೂ ಹೇಳುತ್ತಿದ್ದರು. ಅವರು ನೋಡಲಿಲ್ಲ. ಕೊಡೆ ಹರಿದರೆ ಹೊಲಿಸುತ್ತಿದ್ದರು, ಹೊಸದು ಕೊಳ್ಳುತ್ತಿರಲಿಲ್ಲ. ಟ್ರಂಕಿನಲ್ಲಿ ಮಡಿ ಪಂಚೆಯೊಂದನ್ನು ಮಡಿಚಿಟ್ಟಿದ್ದರು; ಅದು ಯಾವ ದಿನಕ್ಕೆಂದು ಕೇಳುವ ಅಗತ್ಯವಿರಲಿಲ್ಲ. ಇದನ್ನೆಲ್ಲ ಅವರು ದುಃಖದಿಂದ ಮಾಡುತ್ತಿದ್ದರೆಂದುಕೊಳ್ಳಬೇಡಿ. ರೈಲಿಗೆ ಹೊತ್ತಾಗಿ ಗಂಟುಮೂಟೆ ಕಟ್ಟಿಕೊಂಡು ಪ್ಲಾಟ್‌ಫಾರಮ್ಮಿನಲ್ಲಿ ಕೂತವರ ನೆಮ್ಮದಿ ಅವರ ಮುಖದಲ್ಲಿತ್ತು.

ಅವರ ತಾತ, ಅವರ ತಂದೆ, ಅವರ ಚಿಕ್ಕಪ್ಪ, ಮೂವರೂ ಎದೆ ಹಿಡಿದುಕೊಂಡು ಕೂತಲ್ಲೇ ಹೋದವರು. ಯಾರಿಗೂ ನಲವತ್ತೇಳು ತುಂಬಿರಲಿಲ್ಲ. ಇದು ತಾಯಿ ಹೇಳಿದ ಲೆಕ್ಕ. ತಂದೆ ಹೋದಾಗ ಇವರಿಗೆ ಎಂಟು ವರ್ಷ. ತಾಯಿ ಮಗನನ್ನು ಕರೆದುಕೊಂಡು ಅದೇ ಊರಿನ ಅಣ್ಣನ ಮನೆ ಸೇರಿದಳು. ಸಿರಾ ತಾಲ್ಲೂಕಿನಲ್ಲಿ ಹುಲಿಕುಂಟೆಯ ಆಚೆ ಕುರಿಮಂದೆಗಳ ಊರು ಅದು. "ನಮ್ಮವ್ವ ಅಣ್ಣನ ಮನೇಲಿ ಉಂಡಿದ್ದು ನಾನು ನೋಡಿಲ್ಲ ಕಣಮ್ಮ. ಎಲ್ಲಾರ್ದೂ ಆದ್ಮೇಲೆ ಒಳಗೆ ಹೋಗ್ತಿದ್ಲು. ಏನ್ ಉಂಡ್ಳೋ, ಉಣ್ಲಿಲ್ವೋ" ಎಂದು ಒಂದೇ ಒಂದು ಸಲ ಹೇಳಿದರು. ಅಷ್ಟು ಹೇಳಿ ಎದ್ದು ಹೋಗಿ, ಒರೆಸಿದ್ದ ಬೋರ್ಡನ್ನೇ ಇನ್ನೊಮ್ಮೆ ಒರೆಸಿದರು.

ಮೂರು ವರ್ಷ ಕಳೆಯಿತು. ಒಂದು ದಿನ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, "ನಂಗೆ ಇವತ್ತಿಗೆ ನಲವತ್ತೇಳು ತುಂಬಿ ನಲವತ್ತೆಂಟು" ಎಂದರು. ನಾನು ಸಂತೋಷದಿಂದ ಕೈಯೆತ್ತಿ ಮುಗಿದೆ. ಅವರು ನನ್ನನ್ನೇ ನೋಡುತ್ತಾ ನಿಂತರು, ದಾರಿ ತಪ್ಪಿದವರು ದಾರಿ ಕೇಳಲೂ ನಾಚಿ ನಿಲ್ಲುತ್ತಾರಲ್ಲ ಹಾಗೆ.

ಅಂದಿನಿಂದ ಮೇಷ್ಟ್ರು ಬೇರೆಯೇ ಆದರು. ಪಾಠ ಅರ್ಧಕ್ಕೆ ನಿಲ್ಲಿಸಿ ಕಿಟಕಿಯ ಹತ್ತಿರ ಹೋಗಿ ನಿಲ್ಲುವರು. ಎಂದೂ ಬೆತ್ತ ಮುಟ್ಟದವರು ಒಬ್ಬ ಹುಡುಗನಿಗೆ ಹೊಡೆದರು, ಮರುದಿನ ಅವನಿಗೆ ಬೆಲ್ಲ ತಂದುಕೊಟ್ಟರು. ತಿಂಗಳಾಯಿತು, ಎರಡು ತಿಂಗಳಾಯಿತು. ಸಾವಿಗೆ ಹೆದರದೆ ಕೂತಿದ್ದವರು ಈಗ ಬದುಕಿಗೆ ಹೆದರಿದ್ದರು. ಒಂದು ಶನಿವಾರ ಮಕ್ಕಳೆಲ್ಲ ಹೋದ ಮೇಲೆ ಸ್ಟಾಫ್ ರೂಮಿನಲ್ಲಿ ಟೋಪಿ ತೆಗೆದು ಮೇಜಿನ ಮೇಲಿಟ್ಟು, "ಏನ್ ಮಾಡೋದು ಹೇಳಮ್ಮ ಈಗ? ನಾನು ಇಲ್ಲೀಗಂಟ ಮಾತ್ರ ಅಂದಾಜು ಹಾಕ್ಕೊಂಡಿದ್ದೆ. ಮುಂದಕ್ಕೆ ನಂಗೆ ಬದುಕೋಕೆ ಬರಾಕಿಲ್ಲ" ಎಂದರು.

ಆವತ್ತು ಅವರು ಗಿರಿಯಮ್ಮನ ವಿಷಯ ಹೇಳಿದರು.

ಗಿರಿಯಮ್ಮ ಅವರ ಸೋದರಮಾವನ ಮಗಳು. ಒಂದೇ ಮನೆಯಲ್ಲಿ ಬೆಳೆದವರು. ಇವರಿಗೇ ಕೊಡುವುದೆಂದು ಹುಟ್ಟಿದಾಗಲೇ ಮಾತಾಗಿತ್ತು. ಇವರಿಗೆ ಇಪ್ಪತ್ತನಾಲ್ಕು, ಆಕೆಗೆ ಹದಿನಾರು ಆದಾಗ ವೀಳ್ಯ ಇಡಲು ಊರವರು ಸೇರಿದ್ದರು. ಅಷ್ಟು ಜನರ ಮುಂದೆ ಇವರು ಎದ್ದು ನಿಂತು, "ನಾನು ನಲವತ್ತೇಳು ದಾಟಲ್ಲ. ನಮ್ಮವ್ವನಂಗೆ ಇನ್ನೊಂದು ಹೆಣ್ಣನ್ನ ನಾನು ಮಾಡಾಕಿಲ್ಲ" ಎಂದರಂತೆ. ಮಾವ ಕಾಲು ಹಿಡಿಯುವುದೊಂದು ಬಾಕಿ. ಇವರು ಕೇಳಲಿಲ್ಲ. ಅದೇ ವಾರ ಊರು ಬಿಟ್ಟರು. ಮತ್ತೆ ಊರಿಗೆ ಹೋದದ್ದು ಒಂದೇ ಸಲ, ತಾಯಿಯ ಮಣ್ಣಿಗೆ.

ಗಿರಿಯಮ್ಮನನ್ನು ಪಟ್ಟನಾಯಕನಹಳ್ಳಿಯ ಕಡೆಗೆ ಕೊಟ್ಟರು. ಗಂಡು ಗಟ್ಟಿಮುಟ್ಟಾದವನು, ವಯಸ್ಸು ಇಪ್ಪತ್ತೆರಡು, ದೀರ್ಘಾಯುಷ್ಯದ ಮನೆತನ. ಆರು ವರ್ಷಕ್ಕೆ ಹಾವು ಕಚ್ಚಿ ಹೋದ. ಗಿರಿಯಮ್ಮ ತವರಿಗೆ ವಾಪಸು ಬಂದರು.

"ತಪ್ಪು ಮಾಡ್ದೆ ಅಂತ ಆಗ್ಲೂ ಅನ್ನುಸ್ಲಿಲ್ಲ" ಎಂದರು ಮೇಷ್ಟ್ರು. "ಇನ್ನೊಂದ್ ಸಲ ಕೇಳಿದ್ರೂ ಅಂಗೇ ಮಾಡ್ತಿದ್ದೆ ಅಂತ ಸಮಾಧಾನ ಮಾಡ್ಕೊಂಡೆ. ಈಗ ನಲವತ್ತೆಂಟಾಯ್ತು. ಈಗ ಅವಳಿಗೆ ಏನ್ ಹೇಳ್ಲಿ?"

ಒಬ್ಬರೇ ಹೋದರೆ ಊರವರ ಬಾಯಿಗೆ ಆಕೆ ಬೀಳುತ್ತಾಳೆಂದು ನನ್ನನ್ನು ಜೊತೆಗೆ ಕರೆದರು. ನನ್ನ ಜೊತೆಗಿದ್ದ ನನ್ನ ತಾಯಿ ಮೊದಲು ಮುಖ ಸಿಂಡರಿಸಿದರೂ, "ಆ ಮನುಷ್ಯನ ಜೊತೆಗಾದರೆ ಹೋಗು" ಎಂದರು. ಅವರು ಬೇಡವೆಂದಿದ್ದರೂ ನಾನು ಹೋಗುತ್ತಿದ್ದೆ. ನನಗೂ ಆಗ ಒಂದು ಲೆಕ್ಕ ಬಿಡಿಸಬೇಕಾಗಿತ್ತು. ಕೊರಟಗೆರೆಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ, ನನ್ನ ಅಣ್ಣನ ಸ್ನೇಹಿತರೊಬ್ಬರು ನನ್ನನ್ನು ಮದುವೆಯಾಗುತ್ತೇನೆಂದು ಕೇಳಿದ್ದರು. ನನಗೂ ಅವರೆಂದರೆ ಇಷ್ಟವಿತ್ತು. ಆದರೆ ಅವರು ಕ್ಷಯ ಬಂದು, ಹದಿನಾಲ್ಕು ತಿಂಗಳು ಸ್ಯಾನಿಟೋರಿಯಮ್ಮಿನಲ್ಲಿದ್ದು ಗುಣವಾಗಿ ಬಂದವರು. "ಎಷ್ಟು ದಿನ ಬಾಳ್ತಾನೆ ಅಂತ ಕೊಡೋದು?" ಎಂದು ನನ್ನ ತಂದೆ ಕೋಲನ್ನು ನೆಲಕ್ಕೆ ಕುಟ್ಟಿದ್ದರು. ಆ ಗುಮಾಸ್ತರ ಕಾಗದವೊಂದು ನನ್ನ ಪುಸ್ತಕದಲ್ಲಿತ್ತು: ಡಾಕ್ಟರು ಐದು ವರ್ಷವೂ ಇರಬಹುದು, ಐವತ್ತೂ ಇರಬಹುದು ಎನ್ನುತ್ತಾರೆ, ನನಗೇ ತಿಳಿಯದ್ದನ್ನು ನಿಮಗೆ ಹೇಗೆ ತಿಳಿಸಲಿ? ಆ ಕಾಗದಕ್ಕೆ ನಾನು ಉತ್ತರ ಬರೆದಿರಲಿಲ್ಲ.

ಒಂದು ಭಾನುವಾರ ಮೊದಲ ಬಸ್ಸಿಗೆ ಸಿರಾಕ್ಕೆ ಹೋದೆವು. ಹುಲಿಕುಂಟೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಮೇಷ್ಟ್ರು ಬರಿಗೈಯಲ್ಲಿ ಹೋಗುವುದು ಹೇಗೆಂದು ಪೇಟೆಯಲ್ಲಿ ಒಬ್ಬ ಸಾಹೇಬರ ಸೀರೆ ಅಂಗಡಿಯ ಮುಂದೆ ನಿಂತರು. ಸಾಹೇಬರು ಬಿಳಿ ಗಡ್ಡದವರು. ಮಣೆ ಹಾಕಿ ಕೂರಿಸಿ, "ಯಾರ್ಗೆ ಮೇಷ್ಟ್ರೇ? ಉಮರ್ ಎಷ್ಟು ಅವರ್ದು?" ಎಂದು ಕೇಳಿದರು.

"ಹದಿನಾರು" ಎಂದುಬಿಟ್ಟರು ಮೇಷ್ಟ್ರು.

ಸಾಹೇಬರು ಗಿಳಿಹಸಿರಿನ ಸೀರೆಯೊಂದನ್ನು ಝಳ್ಳೆಂದು ಬಿಚ್ಚಿ ಹರಡಿದರು. ಅದರ ಮೇಲೆ ಮೇಷ್ಟ್ರ ಕೈ ಹೋಗಿ ಕೂತಿತು. ಆಮೇಲೆ ನನ್ನ ಕಡೆ ತಿರುಗದೆಯೇ, "ಅಲ್ಲ... ನಲವತ್ತು. ನಲವತ್ತಾಗಿರ್ಬೇಕು ಈಗ" ಎಂದರು. ಸಾಹೇಬರು ನಗಲಿಲ್ಲ. ಹಸಿರನ್ನು ಮೆಲ್ಲಗೆ ಮಡಿಚಿಟ್ಟು, ಕಂದು ಬಣ್ಣದ್ದೊಂದನ್ನು ತೆಗೆದರು. "ಹೋಗ್ತದೆ ಮೇಷ್ಟ್ರೇ, ಉಮರ್ ಹಂಗೇ ಹೋಗ್ತದೆ. ನಮ್ದೂ ಹೋಯ್ತು" ಎಂದರು.

ಬಸ್ಸಿಳಿದು ಒಂದೂವರೆ ಮೈಲಿ ನಡೆದೆವು. ಊರ ಮುಂದೆ ಕುರಿಗಳು ಹೊಂಗೆಯ ನೆರಳಿಗೆ ತಲೆಗೆ ತಲೆ ಕೊಟ್ಟು ನಿಂತಿದ್ದವು. ಗಿರಿಯಮ್ಮ ಜಗಲಿಯ ಮೇಲೆ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ಎತ್ತರದ ಹೆಂಗಸು, ಕೂದಲು ಅಲ್ಲಲ್ಲಿ ನರೆತಿತ್ತು. ಮೇಷ್ಟ್ರು ಬಾಗಿಲ ಮುಂದೆ ಚಪ್ಪಲಿ ಬಿಟ್ಟು ನಿಂತರು. ಆಕೆ ತಲೆಯೆತ್ತಿ ನೋಡಿದರು. ಕೈಯಲ್ಲಿದ್ದ ಕಲ್ಲು ಕೈಯಲ್ಲೇ ನಿಂತಿತು.

"ಏನ್ ಬಾವ, ಇನ್ನೂ ಸತ್ತಿಲ್ವಾ?"

"ಸಾಯ್ಲಿಲ್ಲ ಕಣೆ" ಎಂದರು ಮೇಷ್ಟ್ರು. ಪರೀಕ್ಷೆಯಲ್ಲಿ ಫೇಲಾದ ಹುಡುಗ ಮನೆಗೆ ಬಂದು ಹೇಳುವ ದನಿ ಅದು.

ಗಿರಿಯಮ್ಮ ಒಳಗೆ ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ. ಕೊನೆಗೆ ಎರಡು ಲೋಟ ಮಜ್ಜಿಗೆ ತಂದಿಟ್ಟು, ನನ್ನ ಪಕ್ಕ ಕೂತು, ನನ್ನ ಊರು, ಮನೆ, ಸಂಬಳ, ಮದುವೆ ಎಲ್ಲವನ್ನೂ ವಿಚಾರಿಸಿದರು. ಮೇಷ್ಟ್ರ ಕಡೆ ನೋಡಲಿಲ್ಲ. ಮೇಷ್ಟ್ರೇ ಬಾಯಿ ಬಿಟ್ಟರು. "ಗಿರಿ, ನಿನ್ನ ನಮ್ಮವ್ವನಂಗೆ ಮಾಡ್ಬಾರ್ದು ಅಂತ..."

"ಮಾಡ್ದಂಗಾಯ್ತಾ?" ಎಂದು ಗಿರಿಯಮ್ಮ ಕೇಳಿದರು. ದನಿ ಏರಲಿಲ್ಲ. "ರಂಡೆ ಆಗೋಳು ನಾನು. ಆಗ್ತೀನೋ ಇಲ್ವೋ ಅಂತ ನನ್ ಕೇಳ್ಬೇಕಾಗಿತ್ತು. ಅಷ್ಟು ಜನದ ಮುಂದೆ ಎದ್ದು ನಿಂತು ಭಾಷ್ಣ ಮಾಡ್ದೆಯಲ್ಲ, ಒಂದ್ ಸಲ ಒಳಕ್ಕೆ ಬಂದು, ಗಿರಿ ನೀನೇನಂತೀಯ ಅಂದ್ಯಾ? ನಂಗೆ ಬಾಯಿರ್ಲಿಲ್ವಾ?"

ಮೇಷ್ಟ್ರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು.

"ನನ್ ಗಂಡ ಆರು ವರ್ಷ ಇದ್ದ. ಎಷ್ಟು ದಿನ ಇರ್ತೀನಿ ಅಂತ ಅವ್ನು ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಇದ್ದಷ್ಟು ದಿನ ಚೆಂದಾಗಿ ನೋಡ್ಕಂಡ. ಅವ್ನು ಹೋದ್ಮೇಲೆ ನಮ್ಮಣ್ಣ ಇನ್ನೊಬ್ಬನಿಗೆ ಕೂಡಿಕೆ ಮಾಡ್ತೀನಿ ಅಂದ. ಬ್ಯಾಡ ಅಂದೆ. ಈಗ್ಲಾದ್ರೂ ಬತ್ತೀಯೇನೋ ಅಂತ ಎರಡು ವರ್ಷ ದಾರಿ ನೋಡ್ದೆ ಬಾವ. ಬರ್ಲಿಲ್ಲ ನೀನು. ಸಾಯಾಕೆ ದಿನ ಎಣಿಸ್ಕಂತ ಅಲ್ಲಿ ಕೂತಿದ್ದೆ."

ಆಮೇಲೆ ಆಕೆ ಹೇಳಿದ ಮಾತೇ ನನ್ನನ್ನು ನಡುಗಿಸಿದ್ದು. "ನಿಮ್ಮಪ್ಪನಿಗೆ ನಲವತ್ತಾರು ಅಂತ ಯಾರ್ ಬರ್ದಿಟ್ಟಿದ್ರು? ನಿಮ್ಮವ್ವಂಗೆ ಇಪ್ಪತ್ತರ ಮೇಲೆ ಎಣಿಸಾಕೆ ಬತ್ತಿತ್ತಾ? ನಮ್ಮಪ್ಪ ಸಾಯೋ ಮುಂಚೆ ಹೇಳ್ತಿದ್ದ, ನಿಮ್ಮಪ್ಪ ತನಗಿಂತ ಎಂಟು ಹತ್ತು ವರ್ಷ ದೊಡ್ಡೋನು ಅಂತ. ನಿಮ್ಮಪ್ಪ ಹೋದಾಗ ನಮ್ಮಪ್ಪಂಗೇ ಐವತ್ತರ ಹತ್ರ ಇತ್ತು. ಲೆಕ್ಕ ಹಾಕು. ಐವತ್ತೈದು ದಾಟಿತ್ತು ಅವನಿಗೆ."

ಜಗಲಿಯ ಮೇಲೆ ನೊಣಗಳು ಹುಣಸೆಹಣ್ಣಿಗೆ ಮುತ್ತುತ್ತಿದ್ದವು. ಮೇಷ್ಟ್ರ ತುಟಿ ಅಲುಗುತ್ತಿತ್ತು; ಮನಸ್ಸಿನಲ್ಲೇ ಕೂಡುತ್ತಿದ್ದರು, ಕಳೆಯುತ್ತಿದ್ದರು. ಶಾಲೆಗೆ ಸೇರಲು ಬಂದ ಮಕ್ಕಳ ತಂದೆತಾಯಿ, "ದೊಡ್ಡ ಗಾಳಿ ಬಂದ ವರ್ಷ ಹುಟ್ದ ಸ್ವಾಮಿ", "ಕೆರೆ ಕೋಡಿ ಬಿದ್ದಾಗ ತೊಟ್ಲಾಗಿದ್ದ" ಎಂದು ಹೇಳಿದರೆ, ಆ ಮಕ್ಕಳಿಗೆ ತಮ್ಮ ಕೈಯಾರೆ ಒಂದು ತಾರೀಕು ಹುಟ್ಟಿಸಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದವರು ಅವರು. ನಮ್ಮ ಕಡೆ ಯಾರಿಗೂ ತಮ್ಮ ವಯಸ್ಸು ಗೊತ್ತಿಲ್ಲವೆಂದು ಅವರಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. ಆದರೂ ತಾಯಿ ಹೇಳಿದ ಆ ಒಂದು ಲೆಕ್ಕವನ್ನು ಅವರು ಒಮ್ಮೆಯೂ ತಾಳೆ ನೋಡಿರಲಿಲ್ಲ.

ಆಮೇಲೆ ಅವರು, "ಅವತ್ತು ಕೇಳ್ಲಿಲ್ಲ. ಈಗ ಕೇಳ್ತೀನಿ. ಮದ್ಗಿರಿಗೆ ಬತ್ತೀಯಾ?" ಎಂದರು.

"ಬರಾಕಿಲ್ಲ" ಎಂದರು ಗಿರಿಯಮ್ಮ. "ನಮ್ಮಣ್ಣನ ಮನೆ ನನ್ ಮೇಲೆ ನಿಂತದೆ. ಇಷ್ಟು ಕುರಿ ಅದಾವೆ. ಊರು ಬುಟ್ಟು ಎಲ್ಗೂ ಬರಾಕಿಲ್ಲ. ನಿಂಗೆ ಬರಂಗಿದ್ರೆ ಬಾ. ನಿಮ್ಮಪ್ಪನ ಮನೆ ಬಿದ್ದೋಗಿ ಎಷ್ಟೋ ವರ್ಷ ಆಯ್ತು. ಗೋಡೆ ಎಬ್ಬಿಸು." ಅಷ್ಟು ಹೇಳಿ ಸೀರೆಯ ಪೊಟ್ಟಣ ಬಿಚ್ಚಿ ನೋಡಿ, "ಇದನ್ಯಾರು ಆರ್ಸಿದ್ದು? ಮುದುಕೀರ ಸೀರೆ ಇದ್ದಂಗದೆ" ಎಂದು ಒಳಗೆ ತೆಗೆದುಕೊಂಡು ಹೋದರು.

ವಾಪಸು ಬರುವಾಗ ಬಸ್ಸಿನಲ್ಲಿ ಮೇಷ್ಟ್ರು ಇದ್ದಕ್ಕಿದ್ದಂತೆ ನಗಲು ಶುರು ಮಾಡಿದರು. "ಲೆಕ್ಕದ ಮೇಷ್ಟ್ರು ಕಣಮ್ಮ ನಾನು! ಲೆಕ್ಕದ ಮೇಷ್ಟ್ರು!" ಎಂದು ತೊಡೆ ತಟ್ಟಿಕೊಂಡು ನಕ್ಕರು. ಎದುರಿನ ಸೀಟಿನವರು ತಿರುಗಿ ನೋಡಿದರು. ನಗುತ್ತಾ ನಗುತ್ತಾ ಟೋಪಿಯನ್ನು ಮುಖಕ್ಕೆ ಒತ್ತಿಕೊಂಡರು. ಸಿರಾ ಬರುವವರೆಗೂ ತೆಗೆಯಲಿಲ್ಲ. ಸಿರಾದಿಂದ ಮಧುಗಿರಿಯ ಬಸ್ಸಿನಲ್ಲಿ ನಾನು ಕೊರಟಗೆರೆಯವರ ವಿಷಯ ಹೇಳಿದೆ. ಮೊದಲ ಸಲ ಇನ್ನೊಬ್ಬರ ಮುಂದೆ ಹೇಳಿದ್ದು. ಅವರು ಆಗು ಎನ್ನಲಿಲ್ಲ, ಬೇಡವೆನ್ನಲಿಲ್ಲ. "ಅವನು ನಿನ್ನೇ ಕೇಳವ್ನೆ, ಅದೇ ದೊಡ್ಡದು. ನನ್ ಕೈಲಿ ಅಷ್ಟೂ ಆಗ್ಲಿಲ್ಲ" ಎಂದರು. ಮರುದಿನ ನಾನು ಆ ಕಾಗದಕ್ಕೆ ಉತ್ತರ ಬರೆದೆ.

ಆ ಬೇಸಿಗೆಯಿಂದ ಮೇಷ್ಟ್ರು ಶನಿವಾರದ ಅರ್ಧ ದಿನದ ಶಾಲೆ ಮುಗಿಯುವುದನ್ನೇ ಕಾದು ಬಸ್ ಸ್ಟ್ಯಾಂಡಿಗೆ ಓಡುತ್ತಿದ್ದರು. ಸೋಮವಾರ ಮೊದಲ ಬಸ್ಸಿಗೆ ಬಂದು, ಉಗುರುಸಂದಿಯಲ್ಲಿ ಕೆಮ್ಮಣ್ಣು ಇಟ್ಟುಕೊಂಡೇ ಮಗ್ಗಿ ಹೇಳಿಸುತ್ತಿದ್ದರು. ಒಂದು ಸಲ ಗೋಡೆ ಮಳೆಗೆ ಕುಸಿಯಿತು. ಬಂದು ನಗುತ್ತಾ ಹೇಳಿದರು. ಮುಂದಿನ ವರ್ಷ ಆ ಊರಿನ ಶಾಲೆಗೇ ವರ್ಗ ಮಾಡಿಸಿಕೊಂಡು ಹೋದರು. ಬೀಳ್ಕೊಡುವ ದಿನ ಹೆಡ್‌ಮಾಸ್ಟರು, "ಎರಡು ವರ್ಷದಲ್ಲಿ ಹೋಗ್ತೀನಿ ಅಂದಿದ್ರಿ, ನಾಕು ವರ್ಷ ಮಾಡಿದ್ರಿ" ಎಂದು ತಮಾಷೆ ಮಾಡಿದರು. ಮೇಷ್ಟ್ರೂ ಗಿರಿಯಮ್ಮನೂ ಮದುವೆಯಾಗಲಿಲ್ಲ. ಬೀದಿಯ ಆ ತುದಿಗೆ ಅವರ ಮನೆ, ಈ ತುದಿಗೆ ಗಿರಿಯಮ್ಮನದು. ಹೊತ್ತು ಮುಳುಗುವ ಮುಂಚೆ ಆಕೆ ಮುದ್ದೆ ಸಾರು ತೆಗೆದುಕೊಂಡು ಹೋಗುವರು, ಅವರು ಉಂಡ ಮೇಲೆ ಇಬ್ಬರೂ ಜಗಲಿಯ ಮೇಲೆ ಕೂರುವರು. ಊರವರು ಒಂದು ವರ್ಷ ಆಡಿಕೊಂಡರು, ಆಮೇಲೆ ಆಡಿಕೊಳ್ಳಲು ಬೇರೆಯವರು ಸಿಕ್ಕಿದರು.

ನಾನು ಮದುವೆಯಾಗಿ, ಕೊರಟಗೆರೆಯ ಶಾಲೆಗೆ ವರ್ಗ ಮಾಡಿಸಿಕೊಂಡು ಬಂದೆ. ನಮ್ಮವರು ಹತ್ತು ವರ್ಷ ನಾಲ್ಕು ತಿಂಗಳು ಇದ್ದರು. ಕೊನೆಯ ಒಂದು ವರ್ಷ ಮಾತ್ರ ಹಾಸಿಗೆ ಹಿಡಿದರು. ಅವರು ಹೋದಾಗ ನಮ್ಮ ತಂದೆ ಬದುಕಿದ್ದರು. ಏನೂ ಅನ್ನಲಿಲ್ಲ, ಆದರೆ ಮನೆಗೆ ಬಂದುಹೋಗುವವರೆಲ್ಲರ ಮುಖದ ಮೇಲೆ "ಆಗಲೇ ಹೇಳಿದ್ದೆವಲ್ಲ" ಎಂಬುದು ಬರೆದಿತ್ತು. ಅದನ್ನು ನೋಡಲಾರದೆ ನಾನು ಒಳಗಿನ ಕೋಣೆ ಬಿಟ್ಟು ಬರುತ್ತಿರಲಿಲ್ಲ.

ಏಳನೆಯ ದಿನ ಮೇಷ್ಟ್ರು ಬಂದರು. ಆಗಲೇ ರಿಟೈರಾಗಿದ್ದರು. ಕೊರಟಗೆರೆ ಬಸ್ ಸ್ಟ್ಯಾಂಡಿನಿಂದ ಬಿಸಿಲಲ್ಲಿ ನಡೆದು ಬಂದು ಬೆವರಿದ್ದರು. ಒಳಗಿನ ಕೋಣೆಯ ಹೊಸ್ತಿಲ ಮೇಲೆ ಕೂತರು. ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. "ಎಷ್ಟು ವರ್ಷ ಆಯ್ತಮ್ಮ?" ಎಂದು ಕೇಳಿದರು.

"ಹತ್ತು ವರ್ಷ ನಾಲ್ಕು ತಿಂಗಳು."

"ಬ್ಯಾಡಿತ್ತು ಅನ್ನುಸ್ತದಾ?"

ಆ ಏಳು ದಿನದಲ್ಲಿ ಯಾರೂ ನನ್ನನ್ನು ಏನನ್ನೂ ಕೇಳಿರಲಿಲ್ಲ, ಎಲ್ಲರೂ ಹೇಳಿದ್ದರು. ನಾನು ಯೋಚಿಸಿದೆ. ಸುಳ್ಳು ಹೇಳಬಾರದೆಂದು ನಿಜವಾಗಿ ಯೋಚಿಸಿದೆ. ನಮ್ಮವರು ಸಂಜೆ ಕಚೇರಿಯಿಂದ ಬಂದು ಕೋಟಿನ ಜೇಬಿನಿಂದ ಬೆಚ್ಚಗಿನ ಕಡಲೆಕಾಯಿ ತೆಗೆದು ನನ್ನ ಅಂಗೈಗೆ ಸುರಿಯುತ್ತಿದ್ದುದು ನೆನಪಾಯಿತು. ಕೆಮ್ಮು ಬಂದಾಗ ನನಗೆ ಕೇಳಬಾರದೆಂದು ಹಿತ್ತಲಿಗೆ ಹೋಗುತ್ತಿದ್ದುದೂ ನೆನಪಾಯಿತು.

"ಇಲ್ಲ ಮೇಷ್ಟ್ರೇ" ಎಂದೆ.

ಮೇಷ್ಟ್ರು ತಲೆಯಾಡಿಸಿದರು. "ನೀನು ಅಂಗೇ ಅಂತೀಯ ಅಂತ ಗಿರೀನೂ ಅಂದಿದ್ಲು. ಬ್ಯಾಡಿತ್ತು ಅಂದಿದ್ರೆ ನಾನು ಇಲ್ಲೇ ನಿನ್ ಕಾಲಿಗೆ ಬೀಳ್ಬೇಕಾಗಿತ್ತು" ಎಂದು ಕಣ್ಣೊರೆಸಿಕೊಂಡರು. ನಾನು ಆವತ್ತೇ ಮೊದಲು ಗಟ್ಟಿಯಾಗಿ ಅತ್ತಿದ್ದು. ಮರುದಿನ ಕೋಣೆಯಿಂದ ಹೊರಗೆ ಬಂದೆ. ಹದಿನೈದು ದಿನಕ್ಕೆ ಶಾಲೆಗೆ ಹೋದೆ.

ಕೊನೆಯ ಸಲ ನಾನು ಅವರನ್ನು ನೋಡಿದ್ದು ಅದಾದ ಮೂರು ವರ್ಷಕ್ಕೆ. ಅವರಿಗೆ ಅರವತ್ತೆರಡು. ಎದೆನೋವೆಂದು ಗಿರಿಯಮ್ಮ ಕಾಗದ ಬರೆಸಿದ್ದರು. ಹೋದೆ. ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಸಿರಾದ ಡಾಕ್ಟರು ಏನು ಹೇಳಿದರೆಂದು ಕೇಳಿದರೆ, "ವಯಸ್ಸಾಯ್ತು ಅಂದ್ರು. ನಂಗೆ ವಯಸ್ಸಾಯ್ತಂತೆ ಕಣಮ್ಮ!" ಎಂದು ಬಹುಮಾನ ಬಂದವರಂತೆ ಹೇಳಿದರು. ಗಿರಿಯಮ್ಮ ಒಳಗಿದ್ದರು. ಮೇಷ್ಟ್ರು ದನಿ ತಗ್ಗಿಸಿದರು.

"ಆವಾಗ ಸಾಯೋದು ಸಲೀಸಿತ್ತು. ಬುಟ್ಟೋಗಾಕೆ ಏನಿತ್ತು? ಒಂದು ಟ್ರಂಕು. ನಾನು ಧೈರ್ಯಸ್ಥ ಅಂತ ತಿಳ್ಕೊಂಡಿದ್ದೆ. ಈಗ ನೋಡು, ಇವಳು ಬರೋದು ಒಂಚೂರು ತಡ ಆದ್ರೆ ಬೀದಿ ನೋಡ್ತೀನಿ. ಇನ್ನೊಂದು ಮಳೆಗಾಲ ಸಿಕ್ಲಿ ಅನ್ನುಸ್ತದೆ. ಅದು ಕಳೆದ್ರೆ ಇನ್ನೊಂದು. ಆಸೆಬುರುಕ ಆಗ್ಬುಟ್ಟೆ."

"ಹೆದರಿಕೆಯಾಗುತ್ತದಾ ಮೇಷ್ಟ್ರೇ?"

"ಹೆದ್ರಿಕೆ ಅಲ್ಲ. ಸಂಕಟ. ಸಂಕಟ ಆಗ್ಬೇಕು ಕಣಮ್ಮ. ಆಗ್ದಿದ್ರೆ ಬದುಕೇ ಇರ್ಲಿಲ್ಲ ಅಂತ." ಸ್ವಲ್ಪ ಸುಧಾರಿಸಿಕೊಂಡು ನಕ್ಕರು. "ಆದ್ರೆ ಒಂದು ಬಾಕಿ ಅದೆ. ಅವ್ಳು ನನ್ನ ಇನ್ನೂ ಕ್ಷಮ್ಸಿಲ್ಲ. ಎಷ್ಟು ಸಲ ಕೇಳಿದ್ರೂ, ನೋಡಾಣ ಬುಡು ಬಾವ ಅಂತಾಳೆ."

ಆ ಮಳೆಗಾಲ ಅವರಿಗೆ ಸಿಕ್ಕಿತು. ಅದು ಮುಗಿದು ಅವರೆಕಾಯಿ ಬರುವ ಹೊತ್ತಿಗೆ ಹೋದರು. ಬೆಳಗಿನ ಬಿಸಿಲಿಗೆ ಕೂತಿದ್ದವರು, ಗಿರಿಯಮ್ಮ ಕಾಯಿಸಿದ ಹಾಲು ತರುವಷ್ಟರಲ್ಲಿ ಗೋಡೆಗೆ ಒರಗಿದ್ದರಂತೆ. ನನಗೆ ಕಾಗದ ತಲುಪಿದ್ದು ತಡವಾಗಿ. ಹನ್ನೊಂದನೆಯ ದಿನಕ್ಕೆ ಹೋಗಿ ಒಂದು ದಿನ ಗಿರಿಯಮ್ಮನ ಜೊತೆಗಿದ್ದೆ. ಆಕೆ ಹೊತ್ತು ಮುಳುಗುವ ಮುಂಚೆ ಎದ್ದು ಒಂದು ಮುದ್ದೆ ಹೆಚ್ಚಿಗೆ ಕಟ್ಟಿ, ಅದನ್ನೇ ನೋಡುತ್ತಾ ನಿಂತರು. ಆಮೇಲೆ ಅದನ್ನು ನನ್ನ ತಟ್ಟೆಗೆ ಹಾಕಿದರು.

ಮರುದಿನ ನನ್ನನ್ನು ಬಸ್ಸು ಹತ್ತಿಸಲು ಒಂದೂವರೆ ಮೈಲಿ ನಡೆದು ಬಂದರು. ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತಿದ್ದಾಗ ನನಗೆ ತಡೆಯಲಾಗಲಿಲ್ಲ. "ಅಕ್ಕಯ್ಯ, ನೀವು ಇನ್ನೂ ಕ್ಷಮಿಸಿಲ್ಲ ಅಂತ ಮೇಷ್ಟ್ರು ಹೇಳ್ತಿದ್ರು" ಎಂದೆ.

ಗಿರಿಯಮ್ಮ ನನ್ನ ಮುಖ ನೋಡಿದರು.

"ನಿನ್ ಹತ್ರನೂ ಅಂಗಂದ್ನಾ? ಅವತ್ತು ಬಾಗ್ಲಾಗೆ ನಿಂತ್ಕಂಡು ಸಾಯ್ಲಿಲ್ಲ ಕಣೆ ಅಂದ್ನಲ್ಲ, ಆವಾಗ್ಲೇ ಮುಗೀತು ನನ್ ಸಿಟ್ಟು. ಒಳಕ್ಕೆ ಹೋಗಿ ಮಜ್ಗೆ ಕಡೆಯೋ ನೆವದಾಗೆ ಅತ್ಕಂಡೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳ್ಬುಟ್ರೆ, ಸದ್ಯ ಮುಗೀತಲ್ಲ ಅಂತ ಮದ್ಗಿರಿಗೆ ಹೊಂಟೋಗ್ತಾನೆ ಅಂತ ಭಯ ಕಣಮ್ಮ. ಹದಿನಾಕು ವರ್ಷ, ದಿನಾ ನಾಳೆ ಹೇಳಾಣ, ನಾಳೆ ಹೇಳಾಣ ಅಂತ ಇದ್ದೆ."

ದೂರದಲ್ಲಿ ಬಸ್ಸಿನ ಧೂಳು ಕಂಡಿತು. ಆಕೆ ನನ್ನ ಚೀಲವನ್ನು ಎತ್ತಿ ಕೈಗೆ ಕೊಟ್ಟರು. ನಾನು ಹತ್ತಿ ಕೂತು ಹಿಂತಿರುಗಿ ನೋಡುವಾಗ ಆಗಲೇ ಊರ ಕಡೆ ಮುಖ ಮಾಡಿ, ಸೆರಗು ಹೊದ್ದು, ದೊಡ್ಡ ದೊಡ್ಡ ಹೆಜ್ಜೆಯಿಟ್ಟು ನಡೆಯುತ್ತಿದ್ದರು.

ಮೇಷ್ಟ್ರಿಗಿಂತ ಹೆಚ್ಚು ಕಾಲ ಬದುಕಿದವರನ್ನು ನಾನು ಆಮೇಲೆ ಎಷ್ಟೋ ಜನರನ್ನು ಕಂಡಿದ್ದೇನೆ. ಯಾರನ್ನು ಕುರಿತೂ ನನಗೆ ಹೀಗೆ ಅನ್ನಿಸಿಲ್ಲ. ಆ ಹೆಂಗಸು ಹೇಳಿದ ಈ ಮಾತೊಂದನ್ನು ಕೇಳುವುದಕ್ಕಾದರೂ ಮೇಷ್ಟ್ರು ಇನ್ನೊಂದು ದಿನ ಇರಬೇಕಿತ್ತು.